ಊದುವವರು ಶಾಲೆಯ ಬಾಗಿಲಿಗೆ ಬರಲಿ

ಬ್ಯಾಂಡ್ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣ ಮುಂದೆ ನಿಲ್ಲುವುದು ಮದುವೆಯ ಮೆರವಣಿಗೆ. ಮಾಸಿದ ಕೆಂಪು ಕೋಟು, ಹೆಗಲ ಮೇಲೆ ಜರಿಯ ಕುಚ್ಚು, ಬಿಸಿಲಿಗೆ ಬೆವರಿದ ಮುಖ, ಕೈಯಲ್ಲಿ ಹೊಳೆಯುವ ಹಿತ್ತಾಳೆ. ಅವರು ನುಡಿಸುವ ಸಿನಿಮಾ ಹಾಡಿಗೆ ಊರ ಹುಡುಗರು ಕುಣಿಯುತ್ತಾರೆ. ವರನು ಚಪ್ಪರದೊಳಗೆ ಕಾಲಿಟ್ಟನೆಂದರೆ ಮುಗಿಯಿತು, ಮತ್ತೆ ಅವರತ್ತ ತಿರುಗಿ ನೋಡುವವರಿಲ್ಲ. ಆ ಹಿತ್ತಾಳೆಯ ಕೊಳವೆಯೊಳಗೆ ಒಂದು ವಿದ್ಯೆಯಿದೆ, ಅದನ್ನು ಮಕ್ಕಳಿಗೆ ಕ್ರಮವಾಗಿ ಕಲಿಸಬಹುದು ಎಂಬ ಯೋಚನೆ ನಮ್ಮ ಶಾಲೆಗಳಿಗೆ ಇನ್ನೂ ಬಂದಂತಿಲ್ಲ.

ಪರದೇಶಗಳಲ್ಲಿ ಈ ಯೋಚನೆ ಹಳೆಯದು. ಅಲ್ಲಿ ಊದುವ ಹಿತ್ತಾಳೆ ವಾದ್ಯಗಳಿಗೆಂದೇ ಸಣ್ಣ ಸಣ್ಣ ಮೇಳಗಳಿವೆ. ಸಾಮಾನ್ಯವಾಗಿ ಐದು ಜನ: ಇಬ್ಬರು ಟ್ರಂಪೆಟ್, ಒಬ್ಬರು ಹಾರ್ನ್, ಒಬ್ಬರು ಟ್ರೊಂಬೋನ್, ಒಬ್ಬರು ಟ್ಯೂಬಾ. ನೂರು ಜನರ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಕುಳಿತು, ಬೇಕಾದಾಗ ಮಾತ್ರ ಗರ್ಜಿಸುವ ಕೆಲಸ ಬೇಡವೆಂದು, ತಾವೇ ಒಂದು ಪೂರ್ಣ ಕಚೇರಿ ನಡೆಸಲು ಹೊರಟವರಿವರು. ಲಂಡನಿನಲ್ಲಿ ಫಿಲಿಪ್ ಜೋನ್ಸ್ ಅವರ ಮೇಳ 1951ರಲ್ಲಿ, ನ್ಯೂಯಾರ್ಕಿನಲ್ಲಿ ಅಮೆರಿಕನ್ ಬ್ರಾಸ್ ಕ್ವಿಂಟೆಟ್ 1960ರಲ್ಲಿ, ಟೊರಾಂಟೋದಲ್ಲಿ ಕೆನೇಡಿಯನ್ ಬ್ರಾಸ್ 1970ರಲ್ಲಿ ಆರಂಭವಾದವು. ಕೆನಡದ ಈ ಐವರು ಮೊದಮೊದಲು ಹ್ಯಾಮಿಲ್ಟನ್ ಎಂಬ ಊರಿನ ವಾದ್ಯವೃಂದಕ್ಕೆ ಸೇರಿಕೊಂಡು, ಅಲ್ಲಿನ ಶಾಲೆಗಳಿಗೆ ಹೋಗಿ ಮಕ್ಕಳ ಮುಂದೆ ನುಡಿಸುತ್ತಲೇ ಪಳಗಿದವರು. ಇಂಥ ಮೇಳಗಳು ಶಾಲೆಗೆ ಬಂದಾಗ ಭಾಷಣ ಮಾಡುವುದು ಕಡಿಮೆ. ತೋಟಕ್ಕೆ ನೀರು ಬಿಡುವ ಪೈಪಿನ ಒಂದು ತುದಿಗೆ ಲಾಳಿಕೆ ಸಿಕ್ಕಿಸಿ, ಇನ್ನೊಂದು ತುದಿಯಲ್ಲಿ ತುಟಿಯಿಟ್ಟು ಊದಿ ತೋರಿಸುತ್ತಾರೆ. ಪೈಪು ಕಹಳೆಯಾಗುತ್ತದೆ, ಮಕ್ಕಳು ನಗುತ್ತಾರೆ. ಪಾಠ ಅಲ್ಲಿಂದ ಆರಂಭ.

ಆ ಪಾಠ ಏನೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮೇಷ್ಟರ ಚಾಳಿಯೆಂದು ಓದುಗರು ಸಹಿಸಿಕೊಳ್ಳಬೇಕು. ಹಿತ್ತಾಳೆ ವಾದ್ಯದಲ್ಲಿ ನಾದ ಹುಟ್ಟುವುದು ಹಿತ್ತಾಳೆಯಲ್ಲಲ್ಲ, ತುಟಿಯಲ್ಲಿ. ತುಟಿಗಳನ್ನು ಬಿಗಿಹಿಡಿದು ಗಾಳಿ ಬಿಟ್ಟರೆ ಅವು ನಡುಗುತ್ತವೆ. ಕೊಳವೆ ಆ ನಡುಕವನ್ನು ಹಿಡಿದು ದೊಡ್ಡದು ಮಾಡುತ್ತದೆ. ಆದರೆ ಕೊಳವೆ ತನಗೆ ಒಪ್ಪುವ ಕೆಲವೇ ಸ್ವರಗಳನ್ನು ಕೊಡುತ್ತದೆ. ಶಾಲೆಯ ಸ್ಕೌಟ್ ದಳದ ಬ್ಯೂಗಲನ್ನೇ ತೆಗೆದುಕೊಳ್ಳಿ. ಅದರಲ್ಲಿ ಒಂದು ಸ, ಅದರ ಪ, ಮೇಲಿನ ಸ, ಅದರ ಗ, ಅದರ ಪ, ಹೀಗೆ ಐದು ಮೆಟ್ಟಿಲು. ನಡುವಿನ ರಿ, ಮ, ದ, ನಿಗಳು ಎಷ್ಟು ಊದಿದರೂ ಬರುವುದಿಲ್ಲ. ನಮ್ಮ ಜಾತ್ರೆಗಳಲ್ಲಿ ಊದುವ ಕೊಂಬು ಕಹಳೆಗಳ ಗುಟ್ಟೂ ಇದೇ. ಕಾಸರಗೋಡಿನ ಓದುಗರು ಪಂಚವಾದ್ಯದಲ್ಲಿ ಕೊಂಬಿನವರ ಸಾಲನ್ನು ನೋಡಿಯೇ ಇರುತ್ತೀರಿ. ಅವರು ರಾಗ ಹಾಡಲು ಹೊರಡುವುದಿಲ್ಲ. ಸಿಗುವ ಮೂರು ನಾಲ್ಕು ಸ್ವರಗಳನ್ನೇ ತಾಳದ ಮೇಲೆ ಕುಣಿಸುತ್ತಾರೆ. ಅದೊಂದು ಬೇರೆಯೇ ಜಾಣತನ.

ಉಳಿದ ಸ್ವರಗಳು ಬೇಕಾದರೆ ಕೊಳವೆಯ ಉದ್ದವನ್ನೇ ಬದಲಾಯಿಸಬೇಕು. ಟ್ರೊಂಬೋನಿನಲ್ಲಿ ಕೊಳವೆಯೊಳಗೊಂದು ಕೊಳವೆ ಜಾರುತ್ತದೆ. ಅದಕ್ಕೆ ಏಳು ನಿಲುಗಡೆಗಳು. ಟ್ರಂಪೆಟ್ಟಿನಲ್ಲಿ ಆ ಕೆಲಸವನ್ನು ಮೂರು ಗುಂಡಿಗಳು ಮಾಡುತ್ತವೆ. ಗುಂಡಿಯನ್ನು ಒತ್ತಿದರೆ ಗಾಳಿ ಒಂದು ಹೆಚ್ಚುವರಿ ಸುತ್ತು ಹಾದುಬರುತ್ತದೆ: ನಡುವಿನ ಗುಂಡಿಗೆ ಅರ್ಧ ಸ್ವರ, ಮೊದಲನೆಯದಕ್ಕೆ ಒಂದು, ಮೂರನೆಯದಕ್ಕೆ ಒಂದೂವರೆ ಸ್ವರ ಇಳಿಯುತ್ತದೆ. ಜರ್ಮನಿಯ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು 1818ರಲ್ಲಿ ಈ ಯುಕ್ತಿಗೆ ಹಕ್ಕುಪತ್ರ ಪಡೆದರು. ಟ್ರಂಪೆಟ್ಟಿನ ಕೊಳವೆಯನ್ನು ಬಿಚ್ಚಿ ನೇರ ಮಾಡಿದರೆ ನಾಲ್ಕೂವರೆ ಅಡಿಗೂ ಮಿಕ್ಕುತ್ತದೆ; ಟ್ರೊಂಬೋನ್ 9 ಅಡಿ; ದೊಡ್ಡ ಟ್ಯೂಬಾ ಸುಮಾರು 18 ಅಡಿ. ಉದ್ದ ಎರಡರಷ್ಟಾದರೆ ಸ್ವರ ಒಂದು ಸ್ಥಾಯಿ ಕೆಳಗೆ. ಗಣಿತ, ವಿಜ್ಞಾನ, ಸಂಗೀತ ಮೂರನ್ನೂ ಒಂದೇ ಪಿರಿಯಡ್ಡಿನಲ್ಲಿ ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ನನಗೆ ಗೊತ್ತಿಲ್ಲ. ನಮ್ಮ ವಿಜ್ಞಾನದ ಪುಸ್ತಕದಲ್ಲಿ ಶಬ್ದದ ಅಧ್ಯಾಯವಿದೆ, ಶಬ್ದವೇ ಇಲ್ಲ.

ಈಗ ನಮ್ಮ ಊರಿಗೆ ಬರೋಣ. ಹೊಸೂರಿನಿಂದ ಬಾಗಲೂರಿನ ದಾರಿ ಹಿಡಿದು ಬಂದರೆ ಬೇರಿಕೆ. ಈಗ ಅದು ಕೃಷ್ಣಗಿರಿ ಜಿಲ್ಲೆ. 2004ಕ್ಕೆ ಮುಂಚೆ ಧರ್ಮಪುರಿ, 1965ಕ್ಕೆ ಮುಂಚೆ ಸೇಲಂ. ಜಿಲ್ಲೆ ಬದಲಾದರೂ ಗಡಿ ಬದಲಾಗಲಿಲ್ಲ. ಗಡಿಯಾಚೆ ಮಾಲೂರಿನ ಸೀಮೆ. ನಮ್ಮಲ್ಲಿ ಮನೆಯೊಂದರಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ನಾವು ಬೇರಿಕೆ ಎಂದದ್ದನ್ನು ಬಸ್ಸಿನ ಬೋರ್ಡು ಪೇರಿಗೈ ಎನ್ನುತ್ತದೆ, ತಮಿಳಿನಲ್ಲಿ ಆ ಮಾತಿಗೆ ಭೇರಿಯೆಂದೇ ಅರ್ಥ. ವಾದ್ಯದ ಹೆಸರಿನ ಊರು. ಶಾಲೆಗಳಲ್ಲಿ ಮಾತ್ರ ವಾದ್ಯದ ಪಾಠವಿಲ್ಲ.

ಪಾಠವಿಲ್ಲದ್ದಕ್ಕೆ ಕಾರಣವಿದೆ. ನಮ್ಮ ಮಗು ಮನೆಮಾತಿನ ಜತೆಗೆ ತಮಿಳನ್ನು ಕಲಿಯಬೇಕು, ಅದು 2006ರ ಕಾಯಿದೆ. ಇಂಗ್ಲಿಷಂತೂ ಬಿಡುವಂತಿಲ್ಲ. ಕಾಸರಗೋಡಿನ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಮ್ಮಲ್ಲಿ ಮಲಯಾಳ ಕಲಿಕೆಯ ಕಾಯಿದೆ 2017ರಲ್ಲಿ ಬಂತು. ಬೇರೆ ಭಾಷೆ ಕಲಿಯುವುದು ತಪ್ಪೆಂದು ನಾನು ಹೇಳುವವನಲ್ಲ. ಅಂಗಡಿಗೆ ಹೋದರೂ, ಆಸ್ಪತ್ರೆಗೆ ಹೋದರೂ ತಮಿಳು ಬೇಕು. ಆದರೆ ವೇಳಾಪಟ್ಟಿಯಲ್ಲಿ ಒಂದು ಬಂದರೆ ಇನ್ನೊಂದು ಹೋಗಬೇಕು. ಹೋಗುವುದು ಯಾವಾಗಲೂ ಚಿತ್ರಕಲೆ, ಸಂಗೀತ, ಆಟದ ಪಿರಿಯಡ್ಡು. ನಾವು ಟಿ.ಸಿ.ಎಚ್. ಕಲಿತಾಗಲೂ ಸಂಗೀತವೆಂದರೆ ಪ್ರಾರ್ಥನೆ, ಅಭಿನಯ ಗೀತೆ, ಅಷ್ಟಕ್ಕೇ ಸರಿ. ಹಾಗೆ ನೋಡಿದರೆ ಟ್ರಂಪೆಟ್ಟಿಗೆ ಮೂರು ಭಾಷೆಯ ತಾಪತ್ರಯವಿಲ್ಲ. ತುಟಿ ಸರಿಯಾಗಿ ನಡುಗಿದರೆ ಕನ್ನಡದ ಮಗುವಿಗೂ, ತಮಿಳಿನ ಮಗುವಿಗೂ ಅದೇ ಸ ಬರುತ್ತದೆ. ಪರೀಕ್ಷೆಯಲ್ಲಿ ಮೂರು ಭಾಷೆಯಲ್ಲೂ ಹಿಂದೆ ಬಿದ್ದ ಹುಡುಗನೊಬ್ಬ ಇಲ್ಲಿ ಮುಂದಿನ ಬೆಂಚಿಗೆ ಬರಬಹುದು. ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿಸಿದ್ದೇ ಅಂಥ ಹುಡುಗರು.

ಬ್ಯಾಂಡು ನಮ್ಮ ಸಂಗೀತಕ್ಕೆ ಹೊರಗಿನದಲ್ಲವೇ ಎಂದು ಕೇಳುವವರಿದ್ದಾರೆ. ಮುತ್ತುಸ್ವಾಮಿ ದೀಕ್ಷಿತರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲವೆನಿಸುತ್ತದೆ. ಮದರಾಸಿನ ಬಳಿಯ ಮಣಲಿಯಲ್ಲಿದ್ದಾಗ ಅವರು ಕಂಪೆನಿ ಸರಕಾರದ ಬ್ಯಾಂಡು ನುಡಿಸುತ್ತಿದ್ದ ಧಾಟಿಗಳನ್ನು ಕೇಳಿ, ಅವಕ್ಕೆ ಸಂಸ್ಕೃತ ಸಾಹಿತ್ಯ ಕಟ್ಟಿದರು. ಅವನ್ನು ನೊಟ್ಟುಸ್ವರ ಎನ್ನುತ್ತಾರೆ. ಇಂಗ್ಲೆಂಡಿನ ರಾಜಗೀತೆಯ ಧಾಟಿಗೂ ದೀಕ್ಷಿತರ ದೇವೀಸ್ತುತಿಯೊಂದಿದೆ. ಎಲ್ಲವೂ ಶಂಕರಾಭರಣದಲ್ಲಿ, ಗಮಕದ ಗೊಡವೆಯಿಲ್ಲದ ನೇರ ಸ್ವರಗಳಲ್ಲಿ. ಇಂದಿಗೂ ಸಂಗೀತದ ಮೇಷ್ಟರುಗಳು ಅವನ್ನು ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತಾರೆ. ಕೋಟೆಯ ಸಿಪಾಯಿಗಳಿಗಾಗಿ ನುಡಿಸಿದ ಬ್ಯಾಂಡು ತನಗೇ ಗೊತ್ತಿಲ್ಲದೆ ಪಾಠ ಹೇಳಿತು.

ಇನ್ನು ಮೈಸೂರು. ಅಲ್ಲಿನ ಅರಸರು ಪಾಶ್ಚಾತ್ಯ ರೀತಿಯ ಬ್ಯಾಂಡನ್ನೂ ಕರ್ನಾಟಕ ಸಂಗೀತದ ಮೇಳವನ್ನೂ ಎರಡು ಕಣ್ಣುಗಳಂತೆ ಸಾಕಿದರು. ನಾಲ್ವಡಿಯವರ ಕಾಲದಲ್ಲಿ ಜರ್ಮನಿಯ ಆಟೊ ಸ್ಮಿತ್ ಅರಮನೆಯ ವಾದ್ಯವೃಂದ ನಡೆಸಿದರೆ, ವೀಣೆ ವೆಂಕಟಗಿರಿಯಪ್ಪನವರು ಮೇಳಕ್ಕೆಂದೇ ಹೊಸ ಬಗೆಯ ರಚನೆಗಳನ್ನು ಮಾಡಿದರು. ಸಂಸ್ಥಾನ ಹೋಯಿತು; ಬ್ಯಾಂಡುಗಳು ಹೋಗಲಿಲ್ಲ. ಪೊಲೀಸ್ ಇಲಾಖೆಯ ಆಶ್ರಯದಲ್ಲಿ ಕರ್ನಾಟಕ ಬ್ಯಾಂಡ್, ಇಂಗ್ಲಿಷ್ ಬ್ಯಾಂಡ್ ಎಂಬೆರಡು ಹೆಸರಿನಲ್ಲಿ ಈಗಲೂ ಇವೆ, ದಸರೆಯಲ್ಲಿ ಅರಮನೆಯ ಮುಂದೆ ನುಡಿಸುತ್ತವೆ. ಸಂಬಳ ಪಡೆದು ಇದನ್ನೇ ವೃತ್ತಿಯಾಗಿ ನಡೆಸುವ ಹಿತ್ತಾಳೆ ವಾದ್ಯಗಾರರು ನಮ್ಮ ನಾಡಿನಲ್ಲಿ ಇಷ್ಟು ಕಾಲದಿಂದ ಇದ್ದಾರೆಂಬುದೇ ನಮ್ಮ ಮಕ್ಕಳಿಗೆ ತಿಳಿಯದು.

ಅರಮನೆಯ ಬ್ಯಾಂಡು ಶಾಲೆಯೆಂದು ಬೋರ್ಡು ಹಾಕಿಕೊಂಡಿರಲಿಲ್ಲ. ಆದರೂ ಅದಕ್ಕೊಬ್ಬ ಶಿಷ್ಯ ಸಿಕ್ಕಿದ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರ ಡಿಸೆಂಬರ್ 6ರಂದು ಹುಟ್ಟಿದ, ನಾಗಸ್ವರ ವಿದ್ವಾಂಸ ತನಿಯಪ್ಪನವರ ಮಗ. ತಂದೆಯಿಂದ ನಾಗಸ್ವರ ಕಲಿಯುತ್ತಿದ್ದ ಹುಡುಗ ಮೈಸೂರಿನಲ್ಲಿ ಅರಮನೆಯ ಬ್ಯಾಂಡಿನವರು ಸ್ಯಾಕ್ಸೋಫೋನ್ ಊದುವುದನ್ನು ಕೇಳಿ ಮರುಳಾದ. ಆ ಹುಡುಗನೇ ಕದ್ರಿ ಗೋಪಾಲನಾಥ್. ಬೆಲ್ಜಿಯಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ ಆ ವಾದ್ಯದ ಮೈ ಹಿತ್ತಾಳೆಯದಾದರೂ ನಾದ ಹುಟ್ಟುವುದು ಜೊಂಡಿನ ಸೀಳಿನಿಂದ. ಆದ್ದರಿಂದ ಪಾಶ್ಚಾತ್ಯರು ಅದನ್ನು ಹಿತ್ತಾಳೆಯ ಪಂಕ್ತಿಯಲ್ಲಿ ಕೂರಿಸದೆ ಕ್ಲಾರಿನೆಟ್ಟಿನ ಜತೆ ಕೂರಿಸುತ್ತಾರೆ. ನಾಗಸ್ವರಕ್ಕೂ ಜೊಂಡಿನ ಸೀವಾಳಿಯೇ ಬಾಯಿ. ಹೀಗಾಗಿ ಹುಡುಗನಿಗೆ ಅದು ದೂರದ ನೆಂಟನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಗುಂಡಿಗಳಿಂದ ಮುಚ್ಚಿ ತೆರೆಯುವ ರಂಧ್ರಗಳಲ್ಲಿ ಗಮಕ ಹೊರಡಿಸುವುದು ಸುಲಭವಲ್ಲ. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದರಾಸಿನ ಟಿ.ವಿ. ಗೋಪಾಲಕೃಷ್ಣನ್, ಈ ಗುರುಗಳ ಬಳಿ ವರ್ಷಗಟ್ಟಲೆ ದುಡಿದ ಮೇಲೆ ಸ್ಯಾಕ್ಸೋಫೋನು ಕರ್ನಾಟಕ ಸಂಗೀತದ ವಾದ್ಯವಾಯಿತು. 1994ರಲ್ಲಿ ಲಂಡನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯ ಪ್ರೊಮೆನೇಡ್ ಉತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು, 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ಇಂದು ತುಳುನಾಡಿನಲ್ಲಿ ಮದುವೆಗೂ, ಕೋಲಕ್ಕೂ, ದೇವರ ಬಲಿಗೂ ಸ್ಯಾಕ್ಸೋಫೋನು ಬಂದು ಕೂತಿದೆಯಷ್ಟೆ. ಒಬ್ಬ ಹುಡುಗನ ಕಿವಿಗೆ ಸರಿಯಾದ ಪ್ರಾಯದಲ್ಲಿ ಒಂದು ನಾದ ಬಿದ್ದದ್ದರ ಫಲವಿದು. ಅವನು ಆ ದಿನ ಮೈಸೂರಿಗೆ ಹೋಗದೆ ಇದ್ದಿದ್ದರೆ? ಬೇರಿಕೆಯ ಹುಡುಗ ಮೈಸೂರಿಗೆ ಹೋಗುವುದು ಯಾವಾಗ?

ಅದೇ ರಾಯಲ್ ಆಲ್ಬರ್ಟ್ ಹಾಲಿಗೂ ಮೈಸೂರಿಗೂ ಇನ್ನೊಂದು ನಂಟಿದೆ. ಜಯಚಾಮರಾಜ ಒಡೆಯರು ಪಿಯಾನೋ ಬಲ್ಲವರು, ಪಾಶ್ಚಾತ್ಯ ಸಂಗೀತದಲ್ಲಿ ಪರೀಕ್ಷೆ ಕಟ್ಟಿ ಪದವಿ ಪಡೆದವರು. ಲಂಡನಿನಲ್ಲಿ ಹೊಸದಾಗಿ ಹುಟ್ಟಿದ್ದ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ಅವರು ಕೈಬಿಚ್ಚಿ ಹಣ ಕೊಟ್ಟರು. ಅದರ ಸಂಗೀತ ಸಂಘಕ್ಕೆ 1948ರಲ್ಲಿ ಮೊದಲ ಅಧ್ಯಕ್ಷರಾದರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಆ ಸಭಾಂಗಣದಲ್ಲಿ ಮೊದಲ ಬಾರಿಗೆ ಕೇಳಿಬಂದದ್ದು ಅವರ ನೆರವಿನಿಂದ. ಹೆಮ್ಮೆಯ ಸಂಗತಿಯೇ. ಆದರೂ ಓದಿದಾಗಲೆಲ್ಲ ನನಗೆ ಅನಿಸುವುದುಂಟು: ಮೈಸೂರಿನ ದುಡ್ಡಿನಿಂದ ಲಂಡನಿನವರು ಸಂಗೀತ ಕೇಳಿದರು, ಅದರ ಒಂದು ಪಾಲು ನಮ್ಮ ತಾಲೂಕುಗಳ ಶಾಲೆಗಳಿಗೂ ಹರಿದಿದ್ದರೆ? ದೊಡ್ಡವರ ಪೋಷಣೆ ದೊಡ್ಡ ವೇದಿಕೆಗೇ ಸಲ್ಲುವುದು ಅಂದಿಗೂ ಇಂದಿಗೂ ಒಂದೇ.

ಹೇಳಲೇಬೇಕಾದ ಇನ್ನೊಂದು ಮಾತಿದೆ, ಕೇಳಲು ಹಿತವಲ್ಲ. ಊದುವ ವಾದ್ಯವೆಂದರೆ ತುಟಿ ತಾಗುವ ವಾದ್ಯ, ತುಟಿ ತಾಗಿದರೆ ಎಂಜಲು. ವೀಣೆಗೆ, ಪಿಟೀಲಿಗೆ ಇಲ್ಲದ ಈ ಮೈಲಿಗೆಯ ಲೆಕ್ಕ ವಾಲಗಕ್ಕೆ, ಕೊಂಬಿಗೆ, ಬ್ಯಾಂಡಿಗೆ ಅಂಟಿಕೊಂಡಿತು. ಮಂಗಳ ಕಾರ್ಯಕ್ಕೆ ವಾಲಗ ಬೇಕೇ ಬೇಕು. ವಾಲಗದವರಿಗೆ ಎಲೆ ಹಾಕುವುದು ಕೊನೆಗೆ. ಸಂಗೀತವನ್ನು ಗೌರವಿಸುವ ಮನೆಗಳೇ ಮಕ್ಕಳಿಗೆ ಹಾಡು ಕಲಿಸುತ್ತವೆ, ಕೀಬೋರ್ಡ್ ಕೊಡಿಸುತ್ತವೆ. ಊದುವುದನ್ನು ಕಲಿಸಲು ಹೋಗುವುದಿಲ್ಲ. ಊದುವ ಮನೆಯವರೂ ತಮ್ಮ ಮಕ್ಕಳಿಗೆ ಇದು ಬೇಡವೆನ್ನುತ್ತಾರೆ. ಒಂದು ವರ್ಷ ದಾಖಲಾತಿಯ ವೇಳೆ ತಂದೆಯ ಉದ್ಯೋಗದ ಅಂಕಣ ತುಂಬಿಸುತ್ತಿದ್ದೆ. ಎದುರಿಗೆ ನಿಂತ ಹುಡುಗನ ಅಪ್ಪ ಟ್ರಂಪೆಟ್ ಊದುವವರೆಂದು ನನಗೆ ಗೊತ್ತಿತ್ತು. ಅವರನ್ನು ಎಷ್ಟೋ ಮದುವೆಗಳಲ್ಲಿ ಕೇಳಿದ್ದೇನೆ.

"ನಿಮ್ಮಪ್ಪ ಏನು ಕೆಲಸ ಮಾಡ್ತಾರಪ್ಪಾ?" ಎಂದೆ.

"ಕೂಲಿ ಅಂತ ಬರ್ಕೊಳ್ಳಿ ಸಾರ್" ಎಂದ.

"ಬ್ಯಾಂಡಿನಲ್ಲಿ ಊದ್ತಾರಲ್ಲೋ?"

"ಅದು ಬೇಡ ಸಾರ್. ಕೂಲಿ ಅಂತಲೇ ಇರ್ಲಿ."

ಹಾಗೆಯೇ ಬರೆದೆ. ಬರೆಸುವ ಹಕ್ಕು ಅವನದು.

ಇರುವ ಸೌಕರ್ಯಗಳನ್ನೂ ಹೇಳಿಬಿಡುತ್ತೇನೆ. ತಮಿಳುನಾಡು ಸರಕಾರ ಜಿಲ್ಲೆಗಳಲ್ಲಿ ಸಂಗೀತ ಶಾಲೆಗಳನ್ನು ನಡೆಸುತ್ತದೆ; ಕೃಷ್ಣಗಿರಿಯಲ್ಲೂ ಒಂದಿದೆ. ಮೂರು ವರ್ಷದ ಪಾಠ. ಹಾಡುಗಾರಿಕೆ, ಭರತನಾಟ್ಯ, ಪಿಟೀಲು, ಮೃದಂಗಗಳ ಜತೆಗೆ ನಾಗಸ್ವರ, ಡೋಲು, ತೇವಾರವೂ ಇವೆ. ಸರಕಾರ ನಾಗಸ್ವರಕ್ಕೆ ಮೇಷ್ಟರನ್ನು ನೇಮಿಸಿದ್ದು ಮೆಚ್ಚಬೇಕಾದ ಕೆಲಸ. ಆದರೆ ಗಡಿಯ ಹಳ್ಳಿಯ ಕೂಲಿಯವರ ಮಗು ಬೇರಿಕೆಯಿಂದ ಕೃಷ್ಣಗಿರಿಗೆ ದಿನವೂ ಹೋಗಿಬರುವುದು ಹೇಗೆ? ಹಿತ್ತಾಳೆ ವಾದ್ಯದ ಶಾಸ್ತ್ರೀಯ ಶಿಕ್ಷಣ ಬೇಕೆಂದರೆ ನಮ್ಮ ದೇಶದಲ್ಲಿ ದೊಡ್ಡ ಹೆಸರು ಮಧ್ಯಪ್ರದೇಶದ ಪಚಮಢಿಯ ಸೇನಾ ಸಂಗೀತ ಶಾಲೆ. ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರು ಸೇನೆಯ ದಂಡನಾಯಕರಾಗಿದ್ದಾಗ, 1950ರಲ್ಲಿ, ಅವರ ಆಸಕ್ತಿಯಿಂದ ಆದದ್ದು. ಅದು ಸೈನ್ಯಕ್ಕೆ ಸೇರಿದವರಿಗೆ. ಬೆಂಗಳೂರಿನಲ್ಲಿ 1987ರಲ್ಲಿ ಅರುಣಾ ಸುಂದರಲಾಲ್ ಅವರು ಕಟ್ಟಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ. ಪಾಶ್ಚಾತ್ಯ ಸಂಗೀತವನ್ನು ಅಚ್ಚುಕಟ್ಟಾಗಿ ಕಲಿಸುವ ಸಂಸ್ಥೆ, ನಗರದವರಿಗೆ ಅನುಕೂಲ.

ಈ ವಿಷಯದಲ್ಲಿ ಕೇರಳದ ಕನ್ನಡಿಗರು ನಮಗಿಂತ ಒಂದು ಹೆಜ್ಜೆ ಮುಂದಿದ್ದೀರಿ. 1957ರಿಂದ ನಡೆದುಬಂದ ಶಾಲಾ ಕಲೋತ್ಸವದಲ್ಲಿ ಪಂಚವಾದ್ಯಕ್ಕೂ ಬ್ಯಾಂಡ್ ಮೇಳಕ್ಕೂ ಸ್ಪರ್ಧೆಯಿದೆ, ಯಕ್ಷಗಾನಕ್ಕೂ ಇದೆ. 2019ರಲ್ಲಿ ಕಾಞಂಗಾಡಿನಲ್ಲೇ ರಾಜ್ಯಮಟ್ಟದ ಕಲೋತ್ಸವ ನಡೆಯಿತು. ಸ್ಪರ್ಧೆಯೆಂದ ಮೇಲೆ ಅದರ ದೋಷಗಳೂ ಇರುತ್ತವೆ: ಹಣವಿರುವ ಶಾಲೆ ಹೊರಗಿನಿಂದ ಗುರುಗಳನ್ನು ತರಿಸಿ, ಹತ್ತಿಪ್ಪತ್ತು ಮಕ್ಕಳನ್ನು ತಯಾರು ಮಾಡಿ ಬಹುಮಾನ ಗಳಿಸುತ್ತದೆ, ಉಳಿದ ಮಕ್ಕಳು ಚಪ್ಪಾಳೆಗೆ. ಹಾಗಿದ್ದರೂ ಊದುವುದು ಶಾಲೆಯೊಳಗೆ ಕಾಲಿಡತಕ್ಕ ವಿದ್ಯೆ ಎಂದು ಒಪ್ಪಿಕೊಂಡಂತಾಯಿತು. ನಮ್ಮ ಕಡೆ ಅಷ್ಟೂ ಆಗಿಲ್ಲ.

ದೊಡ್ಡ ಮೇಳವೊಂದು ವ್ಯಾನಿನಲ್ಲಿ ಬಂದು ಒಂದು ಗಂಟೆ ನುಡಿಸಿ ಹೋದರೆ ಮಕ್ಕಳಿಗೆ ಸಂತೋಷವಾದೀತು, ಪತ್ರಿಕೆಯಲ್ಲಿ ಫೋಟೋ ಬಂದೀತು. ಮರುದಿನ ಬ್ಯೂಗಲ್ ಯಾರು ಹಿಡಿಯುತ್ತಾರೆ? ವಿದೇಶದ ಮೇಳಗಳಲ್ಲೂ ಬುದ್ಧಿವಂತರಾದವರು ಒಂದೇ ಊರಿನಲ್ಲಿ ಬಹುಕಾಲ ನೆಲೆನಿಂತು ಅದೇ ಶಾಲೆಗಳಿಗೆ ಮತ್ತೆ ಮತ್ತೆ ಹೋಗುತ್ತಾರೆ. ನಮಗೆ ಆ ಅನುಕೂಲ ಊರೊಳಗೇ ಇದೆ. ಹೊಸೂರು, ಬಾಗಲೂರು, ಬೇರಿಕೆಯ ಸುತ್ತ ಮದುವೆಗಳಲ್ಲಿ ಊದಿ ಜೀವನ ಸಾಗಿಸುವವರು ವೃತ್ತಿಪರರಲ್ಲವೇ? ಮೀರತ್ತಿನಲ್ಲಿ ತಯಾರಾದ ಟ್ರಂಪೆಟ್ಟನ್ನು ಸಾಲ ಮಾಡಿ ಕೊಂಡು, ಸ್ವರಲಿಪಿ ಓದಲು ಬಾರದಿದ್ದರೂ ಒಂದು ಸಲ ಕೇಳಿದ ಹಾಡನ್ನು ಮರುದಿನ ಮೆರವಣಿಗೆಯಲ್ಲಿ ನುಡಿಸುವವರು. ಕಿವಿಯ ಶಿಕ್ಷಣದಲ್ಲಿ ಅವರು ನಮ್ಮೆಲ್ಲರಿಗೂ ಗುರುಗಳು.

ಅವರಿಗೆ ಬಿಡುವಿನ ಕಾಲವೊಂದಿದೆ. ಆಷಾಢ. ತಮಿಳರ ಆಡಿ, ತುಳುವರ ಆಟಿ. ಮುಹೂರ್ತಗಳಿಲ್ಲ, ಮೆರವಣಿಗೆಯಿಲ್ಲ, ಬ್ಯಾಂಡಿನವರು ಕೋಟು ಬಿಚ್ಚಿಟ್ಟು ಕಟ್ಟಡದ ಕೆಲಸಕ್ಕೋ ಹೂವಿನ ತೋಟದ ಕೆಲಸಕ್ಕೋ ಹೋಗುತ್ತಾರೆ. ಆ ಹುಡುಗ ಕೂಲಿ ಎಂದದ್ದು ಆ ತಿಂಗಳ ಮಟ್ಟಿಗೆ ಸುಳ್ಳೇನೂ ಆಗಿರಲಿಲ್ಲ. ಶಾಲೆಗೆ ಮಾತ್ರ ಅದು ತಕ್ಕ ಕಾಲ: ಜೂನಿನಲ್ಲಿ ಬಾಗಿಲು ತೆರೆದು ತರಗತಿಗಳು ಒಂದು ಹದಕ್ಕೆ ಬಂದಿರುತ್ತವೆ, ಪರೀಕ್ಷೆ ದೂರ. ಆ ನಾಲ್ಕು ವಾರ, ವಾರಕ್ಕೆ ಎರಡು ದಿನ, ಸಂಜೆಯ ಕೊನೆಯ ಪಿರಿಯಡ್ಡಿಗೆ ಇಬ್ಬರು ಮೂವರು ಊದುವವರನ್ನು ಶಾಲೆಗೆ ಕರೆಯಬೇಕು. ಧರ್ಮಕ್ಕಲ್ಲ, ಕೂಲಿಗೆ ಹೋದರೆ ಸಿಗುವುದಕ್ಕಿಂತ ಕಡಿಮೆಯಿಲ್ಲದ ಸಂಭಾವನೆ ಕೊಟ್ಟು. ಎಂಟು ದಿನದ ಸಂಭಾವನೆಯನ್ನು ಹಳೆ ವಿದ್ಯಾರ್ಥಿಗಳ ಸಂಘ ಹೊರಲಾರದಷ್ಟು ದೊಡ್ಡದೆಂದು ನನಗೆ ತೋರುವುದಿಲ್ಲ; ವಾರ್ಷಿಕೋತ್ಸವದ ಶಾಮಿಯಾನಕ್ಕೆ ಅದಕ್ಕಿಂತ ಹೆಚ್ಚು ಹೋಗುತ್ತದೆ.

ಏನು ಕಲಿಸಬೇಕು? ಮೊದಲ ವಾರ ತುಟಿ ಮತ್ತು ಉಸಿರು, ವಾದ್ಯವೇ ಬೇಡ. ಎರಡನೆಯ ವಾರ ಲಾಳಿಕೆಯ ಪೈಪು, ಬ್ಯೂಗಲಿನ ಐದು ಸ್ವರ. ಮೂರನೆಯ ವಾರ ಟ್ರಂಪೆಟ್ಟಿನ ಗುಂಡಿಗಳು. ನಾಲ್ಕನೆಯ ವಾರ ದೀಕ್ಷಿತರ ಒಂದು ಪುಟ್ಟ ನೊಟ್ಟುಸ್ವರ; ಬ್ಯಾಂಡಿನಿಂದ ಬಂದದ್ದು ಬ್ಯಾಂಡಿಗೆ ಸಲೀಸಾಗಿ ಹೊಂದುತ್ತದೆ. ಮುಂದಿನ ಹಲ್ಲು ಬಿದ್ದು ಹೊಸದು ಬಂದ ಮೇಲೆಯೇ ಊದಿಸುವುದು ಒಳ್ಳೆಯದು, ಅಂದರೆ ನಾಲ್ಕನೆಯ ತರಗತಿಯಿಂದ ಮೇಲಿನವರಿಗೆ. ಎಂಜಲಿನ ಮಾತು ಇಲ್ಲಿ ಆರೋಗ್ಯದ ಮಾತಾಗಿ ಬರಬೇಕು: ಊದುವ ಬಾಯಿ ಬಿಚ್ಚಿ ತೆಗೆಯಲು ಬರುತ್ತದೆ, ಒಬ್ಬರಿಂದ ಒಬ್ಬರಿಗೆ ಹೋಗುವಾಗ ಸಾಬೂನು ನೀರಿನಲ್ಲಿ ತೊಳೆದರಾಯಿತು. ಮೈಲಿಗೆಗೆ ಮದ್ದಿರಲಿಲ್ಲ, ಇದಕ್ಕೆ ಸಾಬೂನು ಸಾಕು. ಪಾಠದ ದಿನಗಳಲ್ಲಿ ಬಂದವರನ್ನು ಸಿಬ್ಬಂದಿ ಕೊಠಡಿಯಲ್ಲಿ ನಮ್ಮ ಜತೆ ಕೂರಿಸಿ ಚಹಾ ಕೊಡಬೇಕೆಂಬುದನ್ನೂ, ಮಕ್ಕಳು ಅವರನ್ನು ಮೇಷ್ಟ್ರೇ ಎಂದೇ ಕರೆಯಬೇಕೆಂಬುದನ್ನೂ ಯೋಜನೆಯಲ್ಲಿ ಬರೆದಿಡುವುದು ಲೇಸು. ತಾನಾಗಿ ಆಗುತ್ತದೆಂದು ಬಿಟ್ಟರೆ ಆಗುವುದಿಲ್ಲ.

ಮಾತುಕತೆ ಮಾತ್ರ ಮೊದಲೇ ಮುಗಿಯಬೇಕು. ಬೇಸಿಗೆಯ ಕಡೆಯ ಮುಹೂರ್ತದ ಹೊತ್ತಿಗೇ ಅವರ ಮನೆಗೆ ಹೋಗಿ ಕೇಳಿಕೊಳ್ಳಬೇಕು. ಆಷಾಢ ಹುಟ್ಟಿದ ಮೇಲೆ ಹೋದರೆ ಅವರು ಬೇರೆಯವರ ಕೆಲಸ ಒಪ್ಪಿಕೊಂಡು ಬೆಳಿಗ್ಗೆ ಆರಕ್ಕೇ ಹೊರಟುಹೋಗಿರುತ್ತಾರೆ.